ಕಾನ್ ಊರಿನ ಮನೆಗಳಿಗೆ, ಪೋರ್ಟ್ಸ್‌ಮತ್‌ನಿಂದ

ಮಗಳು ಫ್ರಾನ್ಸಿನ ನಾರ್ಮಂಡಿಯಿಂದ ವಾಪಸ್ ಬಂದಳು. ಅವಳಿಗೆ ಹದಿನೆಂಟು ತುಂಬಿತು, ಹಾಗಾಗಿ ನಮ್ಮ ಊರಿನ ಮಕ್ಕಳ ಆರ್ಕೆಸ್ಟ್ರಾ ಜೊತೆ ಇದು ಅವಳ ಕೊನೆಯ ಪ್ರವಾಸ. ಇಷ್ಟು ವರ್ಷ ನಮ್ಮ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡು, ಹೊತ್ತು ಹೊತ್ತಿಗೆ ಊಟ ಹಾಕಿ, ರಿಹರ್ಸಲ್‌ಗೆ ಬಿಟ್ಟು ಕರೆದುಕೊಂಡು ಬಂದವರಿಗೆ ಫೆರಿ ಹತ್ತುವಾಗ ಹೇಳಿದ ಥ್ಯಾಂಕ್ಸ್ ಏನೂ ಸಾಲದು. ಅದಕ್ಕೇ ಈ ಬರಹ. ಕನ್ನಡದಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಇಲ್ಲಿರುವ ನಮ್ಮವರಿಗೂ ಹೇಳಬೇಕಾದ್ದು ಜಾಸ್ತಿ ಇದೆ. ಅಲ್ಲಿನ ಮನೆಯವರಿಗೆ ಮಗಳು ಫೋನಿನಲ್ಲಿ ಫ್ರೆಂಚ್‌ನಲ್ಲಿ ಹೇಳುತ್ತಾಳೆ.

ನಾವಿರುವ ಪೋರ್ಟ್ಸ್‌ಮತ್ ಇಂಗ್ಲೆಂಡಿನ ದಕ್ಷಿಣ ತೀರದ ಬಂದರು. ಇಲ್ಲಿ ಫೆರಿ ಹತ್ತಿದರೆ ಸುಮಾರು ಆರು ಗಂಟೆಯ ಪ್ರಯಾಣಕ್ಕೆ ಫ್ರಾನ್ಸಿನ ವಿಸ್ತ್ರೆಯಾಮ್ ಬಂದರು. ಅಲ್ಲಿಂದ ಹದಿನೈದು ಕಿಲೋಮೀಟರ್ ಹೋದರೆ ಕಾನ್. ಸಿನಿಮಾ ಹಬ್ಬ ನಡೆಯುವ ಕಾನ್ ಅಲ್ಲ, ಅದು ಫ್ರಾನ್ಸಿನ ಇನ್ನೊಂದು ತುದಿ. ಪೋರ್ಟ್ಸ್‌ಮತ್, ಕಾನ್ ಎರಡೂ 1987ರಿಂದ ಅವಳಿ ನಗರಗಳು, ಅಂದರೆ ದೇಶ ಬೇರೆಯಾದರೂ ಸ್ನೇಹದ ಒಪ್ಪಂದ ಮಾಡಿಕೊಂಡ ಊರುಗಳು. ಮೇ ಕೊನೆಯ ಹಾಫ್ ಟರ್ಮ್ ರಜೆಯಲ್ಲಿ ನಮ್ಮ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಅಕ್ಟೋಬರ್ ಕೊನೆಗೆ ಅಲ್ಲಿನ ಮಕ್ಕಳಿಗೆ ತೂಸಾಂ ಅನ್ನುವ ಶಾಲಾ ರಜೆ, ಆಗ ಅವರು ಇಲ್ಲಿಗೆ ಬರುತ್ತಾರೆ. ಹೋಟೆಲ್ ಇಲ್ಲ, ಹಾಸ್ಟೆಲ್ ಇಲ್ಲ. ಒಂದೊಂದು ಮನೆಗೆ ಇಬ್ಬಿಬ್ಬರು ಮಕ್ಕಳು. ಚಿಕ್ಕವರಿದ್ದಾಗ ಹೀಗೆ ಹೋಗಿ ಬಂದವರು ಈಗ ತಮ್ಮ ಮಕ್ಕಳನ್ನು ಕಳಿಸುತ್ತಿದ್ದಾರೆ.

ನಡುವೆ ಎಲ್ಲಾ ನಿಂತೇಹೋಗುತ್ತದೆ ಅನ್ನಿಸಿತ್ತು. 2020ರಲ್ಲಿ ಕೋವಿಡ್ ಬಂತು, ಪ್ರವಾಸ ರದ್ದಾಯಿತು. ಅದು ಮುಗಿಯುವಷ್ಟರಲ್ಲಿ ಬ್ರೆಕ್ಸಿಟ್‌ನ ಕಾಗದಪತ್ರ ಶುರುವಾಯಿತು. 2021ರ ಅಕ್ಟೋಬರ್‌ನಿಂದ ಫ್ರಾನ್ಸಿನ ಮಕ್ಕಳು ಬರೀ ಗುರುತಿನ ಚೀಟಿ ತೋರಿಸಿ ಬ್ರಿಟನ್‌ಗೆ ಬರುವ ಹಾಗಿಲ್ಲ, ಪಾಸ್‌ಪೋರ್ಟೇ ಬೇಕು ಅಂತಾಯಿತು. ಅಲ್ಲಿ ಎಷ್ಟೋ ಮಕ್ಕಳ ಹತ್ತಿರ ಪಾಸ್‌ಪೋರ್ಟೇ ಇರಲಿಲ್ಲ. ಶಾಲೆಯ ಗುಂಪಾಗಿ ಬರುವ ಮಕ್ಕಳಿಗೆ ಈ ನಿಯಮ ಸಡಿಲವಾಗಿದ್ದು 2023ರ ಡಿಸೆಂಬರ್ ಕೊನೆಯಲ್ಲಿ. ಅಲ್ಲಿಯವರೆಗೆ ಎರಡೂ ಕಡೆ ಕೆಲವರು ಹಟ ಹಿಡಿದು ಕೂತಿದ್ದರಿಂದ ಇದು ಉಳಿಯಿತು. ನಮ್ಮ ತಂಡದಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದಾರೆ. ಅವರ ಮಕ್ಕಳು ತಂಡ ಬಿಟ್ಟು ಎಷ್ಟೋ ವರ್ಷ ಆಯಿತು. ಆದರೂ ಪ್ರತಿ ಮಗುವಿನ ಫಾರಂ ಅವರೇ ಕೂತು ತುಂಬುತ್ತಾರೆ. ನನ್ನ ಮಗಳದ್ದು ಭಾರತದ ಪಾಸ್‌ಪೋರ್ಟ್, ಫ್ರಾನ್ಸಿಗೆ ಹೋಗಲು ಉಳಿದ ಮಕ್ಕಳಿಗೆ ಬೇಡದ ಷೆಂಗೆನ್ ವೀಸಾ ಅವಳಿಗೆ ಬೇಕು. ಒಂದು ಸಲ ವೀಸಾ ತಡವಾಗಿ, ಹೊರಡುವ ಹಿಂದಿನ ದಿನದವರೆಗೂ ಪಾಸ್‌ಪೋರ್ಟ್ ಕೈಗೆ ಬಂದಿರಲಿಲ್ಲ. "ಅವಳನ್ನು ಬಿಟ್ಟು ಬಸ್ ಹೊರಡಲ್ಲ, ನೀವು ಚಿಂತೆ ಮಾಡಬೇಡಿ" ಅಂದವರು ಅವರೇ. ಅವರ ಹೊಟ್ಟೆ ತಣ್ಣಗಿರಲಿ.

ಇನ್ನು ಕಾನ್‌ನ ಮನೆಯವರ ಮಾತು. ಮಗಳು ಓಬೋ ಅನ್ನುವ ಊದುವ ವಾದ್ಯ ನುಡಿಸುತ್ತಾಳೆ. ಆ ವಾದ್ಯದ ಜೀವ ಇರುವುದು ರೀಡ್‌ನಲ್ಲಿ. ಬೆರಳಿನಷ್ಟೂ ಉದ್ದ ಇರದ ಎರಡು ಜೊಂಡಿನ ಎಸಳು, ಪುಟ್ಟ ಲೋಹದ ಕೊಳವೆಗೆ ದಾರದಿಂದ ಬಿಗಿಯಾಗಿ ಸುತ್ತಿರುತ್ತಾರೆ. ಒಂದು ವರ್ಷ ನಾನೂ ಸಹಾಯಕ್ಕೆ ಅಂತ ತಂಡದ ಜೊತೆ ಹೋಗಿದ್ದೆ. ಕಛೇರಿಯ ಹಿಂದಿನ ಸಂಜೆ ಅವಳ ಒಳ್ಳೆಯ ರೀಡ್ ಸೀಳಿತು. ಇನ್ನೊಂದಿತ್ತು, ಆದರೆ ಅದರ ಶ್ರುತಿ ಸ್ವಲ್ಪ ಇಳಿದೇ ಇರುತ್ತಿತ್ತು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 440 ಹರ್ಟ್ಜ್‌ಗೆ, ಅಂದರೆ ಸೆಕೆಂಡಿಗೆ 440 ಕಂಪನಕ್ಕೆ ಶ್ರುತಿ ಸೇರಿಸುತ್ತಾರೆ, ಫ್ರಾನ್ಸಿನಲ್ಲಿ ಇನ್ನೂ ಸ್ವಲ್ಪ ಏರಿಸಿ 442ಕ್ಕೆ. ಕೇಳುವುದಕ್ಕೆ ಎರಡೇ ಎರಡು ಅಂಕಿ. ಆದರೆ ಇಡೀ ಆರ್ಕೆಸ್ಟ್ರಾ ಶ್ರುತಿ ಮಾಡಿಕೊಳ್ಳುವುದೇ ಓಬೋ ಸ್ವರ ಕೇಳಿ. ಮಗಳ ಮುಖ ನೋಡುವ ಹಾಗಿರಲಿಲ್ಲ.

ಅವಳು ಉಳಿದುಕೊಂಡಿದ್ದ ಮನೆಯ ಹುಡುಗಿಯೂ ಓಬೋದವಳೇ. ಅವಳು ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಪುಟ್ಟ ಡಬ್ಬಿ ತಂದಳು. ಅದರಲ್ಲಿದ್ದ ಅವಳದೇ ರೀಡ್‌ಗಳಲ್ಲಿ ಒಂದನ್ನು ಆರಿಸಿ, ನೀರಲ್ಲಿ ನೆನೆಸಿ, ಊಟದ ಮೇಜಿನ ದೀಪದ ಕೆಳಗೆ ಹಿಡಿದು ಚೂರಿಯಿಂದ ಹೆರೆಯುತ್ತಾ ಕೂತಳು. ಒಂದಿಷ್ಟು ಹೆರೆಯುವುದು, ಮಗಳ ಕೈಗೆ ಕೊಟ್ಟು ಊದಿಸುವುದು, ಮತ್ತೆ ಹೆರೆಯುವುದು. ತುದಿ ಚೂರು ಕತ್ತರಿಸಿದರೆ ಶ್ರುತಿ ಏರುತ್ತದೆ, ಜಾಸ್ತಿ ಕತ್ತರಿಸಿದರೆ ರೀಡ್ ಹಾಳು. ನಾನು ಉಸಿರು ಬಿಗಿ ಹಿಡಿದು ನೋಡುತ್ತಿದ್ದೆ. ಅವಳ ಅಪ್ಪ ಪಕ್ಕದಲ್ಲಿ ಪಾತ್ರೆ ಒರೆಸುತ್ತಾ ನಿಂತಿದ್ದರು. ಓಬೋದವರಿಗೆ ಒಳ್ಳೆಯ ರೀಡ್ ಅಂದರೆ ಪ್ರಾಣ. ಮರುದಿನ ತನ್ನದೂ ಕಛೇರಿ ಇದ್ದಾಗ ಅದನ್ನು ಎತ್ತಿ ಕೊಟ್ಟಳಲ್ಲ! ಮಗೂ, ನಿನಗೆ ದೊಡ್ಡ ಥ್ಯಾಂಕ್ಸ್. ಆವತ್ತು ಸಭೆಯಲ್ಲಿ ಎಲ್ಲರೂ ಶ್ರುತಿ ಮಾಡಿಕೊಂಡಿದ್ದು ನೀನು ಕೊಟ್ಟ ರೀಡ್‌ನಿಂದಲೇ.

ಆ ಹುಡುಗಿಯ ಅಮ್ಮನಿಗೂ ಹೇಳಲೇಬೇಕು. ನಮ್ಮದು ಸಸ್ಯಾಹಾರ, ಮೊಟ್ಟೆಯೂ ಇಲ್ಲ. ಬೆಣ್ಣೆ, ಕೆನೆ, ಚೀಸ್, ಸೇಬು ಸಮೃದ್ಧವಾಗಿರುವ ನಾರ್ಮಂಡಿಯಲ್ಲಿ ಉಪವಾಸ ಬೀಳುವುದೇನೂ ಇಲ್ಲ ನಿಜ. ಆದರೆ ಯಾವುದರಲ್ಲಿ ಜೆಲಟಿನ್ ಇದೆ, ಯಾವ ಚೀಸ್‌ಗೆ ಹಾಲು ಗಟ್ಟಿ ಮಾಡಲು ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿದ್ದಾರೆ ಅಂತ ಅವರು ಅಂಗಡಿಯಲ್ಲಿ ನಿಂತು ಲೇಬಲ್‌ನ ಫೋಟೋ ತೆಗೆದು ಕಳಿಸುತ್ತಿದ್ದರು. ಭಾನುವಾರ ತುರ್ಗೂಲ್ ಅನ್ನುವ ನಾರ್ಮಂಡಿಯ ಸಿಹಿ ಮಾಡಿದ್ದರು. ಅಕ್ಕಿ, ಹಾಲು, ಸಕ್ಕರೆ, ಚಕ್ಕೆಪುಡಿಯನ್ನು ಮಣ್ಣಿನ ಪಾತ್ರೆಗೆ ಹಾಕಿ ಸಣ್ಣ ಉರಿಯ ಒಲೆಯೊಳಗೆ ಐದಾರು ಗಂಟೆ ಬಿಡುತ್ತಾರೆ. ಮೇಲೆ ಕಂದು ಕೆನೆ ಕಟ್ಟುತ್ತದೆ, ಒಳಗೆ ನಮ್ಮ ಅಕ್ಕಿ ಪಾಯಸದ ಹಾಗೆ. ಮಗಳು ಮೊದಲ ಚಮಚ ಬಾಯಿಗಿಟ್ಟು ನನ್ನ ಕಡೆ ನೋಡಿ ನಕ್ಕಳು.

ಆ ಮನೆಯ ಅಜ್ಜಿ ಪ್ರತಿ ಕಛೇರಿಗೂ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. 1944ರ ಬೇಸಿಗೆಯಲ್ಲಿ ಅವರು ಪುಟ್ಟ ಮಗು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ವಿರುದ್ಧ ನಾರ್ಮಂಡಿಗೆ ಹೊರಟ ಸೈನ್ಯದ ಒಂದು ದೊಡ್ಡ ಪಾಲು ಹಡಗು ಹತ್ತಿದ್ದು ನಮ್ಮ ಪೋರ್ಟ್ಸ್‌ಮತ್ ಸುತ್ತಮುತ್ತ. ಆಗ ಜರ್ಮನ್ನರ ಕೈಯಲ್ಲಿದ್ದ ಕಾನ್‌ನ ಬಹುಪಾಲು ನೆಲಸಮವಾಗಿದ್ದು ಬ್ರಿಟಿಷ್, ಅಮೆರಿಕನ್ ವಿಮಾನಗಳ ಬಾಂಬಿನಿಂದ. ಸಾವಿರಾರು ಜನ ಹತ್ತಿರದ ಫ್ಲೂರಿಯ ಹಳೆಯ ಕಲ್ಲುಗಣಿಗಳ ಒಳಗೆ ವಾರಗಟ್ಟಲೆ ಅಡಗಿದ್ದರು. ಅವರಲ್ಲಿ ಈ ಅಜ್ಜಿ, ಅವರ ತಾಯಿಯ ಸೊಂಟದ ಮೇಲೆ. ಬಾಂಬ್ ಹಾಕಿದವರ ದೇಶದ ಮಕ್ಕಳಿಗೆ ಈ ಮನೆಯಲ್ಲಿ ಹಾಸಿಗೆ ಹಾಸುವ ಪದ್ಧತಿ ಶುರು ಮಾಡಿದ್ದು ಅಜ್ಜಿಯೇ ಅಂತ ಅವರ ಮಗ ಹೇಳಿದರು. ಅಜ್ಜಿಗೆ ನನ್ನ ನಮಸ್ಕಾರ. ಮುಟ್ಟಿ ನಮಸ್ಕಾರ ಮಾಡೋಣ ಅಂತ ನಾನು ಬಗ್ಗಿದರೆ ಗಾಬರಿಯಾಗಿ ನನ್ನನ್ನು ಎಬ್ಬಿಸಿದರು, ಆಮೇಲೆ ಎರಡೂ ಕೆನ್ನೆಗೆ ಮುತ್ತು ಕೊಟ್ಟರು.

ಈಗ ನಮ್ಮವರು. ಕಳೆದ ಸಲ ಫ್ರೆಂಚ್ ಮಕ್ಕಳು ಬರುವ ವಾರದಲ್ಲೇ ಒಂದು ಮನೆಯವರಿಗೆ ಹುಷಾರಿಲ್ಲದೆ ಹೋಯಿತು. ನಾನು ನಮ್ಮ ಕನ್ನಡದವರ ಗುಂಪಿನಲ್ಲಿ ಒಂದು ಮಾತು ಹಾಕಿದೆ. ದಾವಣಗೆರೆಯ ಅಕ್ಕ ಅರ್ಧ ಗಂಟೆಯೊಳಗೆ "ನಮ್ಮ ಮನೆಗೆ ಕಳಿಸು" ಅಂದರು. ಮಕ್ಕಳನ್ನು ಇಟ್ಟುಕೊಳ್ಳುವವರಿಗೆ ಬೇಕಾದ ಪೊಲೀಸ್ ದಾಖಲೆ ತಪಾಸಣೆಯನ್ನು ಅವರು ಮೊದಲೇ ಮುಗಿಸಿಕೊಂಡಿದ್ದರಿಂದ ತೊಂದರೆ ಆಗಲಿಲ್ಲ. ಅವರ ಮನೆಗೆ ಹೋದ ಟ್ರಾಂಬೋನ್ ಹುಡುಗ ಬೆಳಗ್ಗೆ ಚಿತ್ರಾನ್ನ ತಿಂದು, ಮರುದಿನವೂ ಅದೇ ಬೇಕು ಅಂದನಂತೆ. ಆ ಮನೆಯ ಅಣ್ಣ ಅಲ್ಲಿ ಉಳಿದಿದ್ದ ಇಬ್ಬರು ಮಕ್ಕಳನ್ನೂ ರಾತ್ರಿ ಮಳೆಯಲ್ಲಿ ಕಾರಿನಲ್ಲಿ ಕರೆತರುತ್ತಿದ್ದರು. ಅಕ್ಕ, ಅಣ್ಣ, ಆ ಎರಡು ಮಕ್ಕಳ ತಾಯಂದಿರು ನಿಮ್ಮನ್ನು ಹೆಸರು ಹಿಡಿದು ಕೇಳಿದರು.

ನಮ್ಮ ಕಂಡಕ್ಟರ್‌ಗೆ, ಅಲ್ಲಿನ ಸಂಗೀತ ಶಾಲೆಯ ಮೇಷ್ಟ್ರುಗಳಿಗೆ, ದೊಡ್ಡ ವಾದ್ಯಗಳನ್ನು ಫೆರಿಯಲ್ಲಿ ಹೊತ್ತು ತರುವ ಕಷ್ಟ ತಪ್ಪಿಸಿ ತಮ್ಮ ಡಬಲ್ ಬಾಸ್, ಟಿಂಪಾನಿಯನ್ನೇ ಕೊಟ್ಟವರಿಗೆ, ಎಲ್ಲರಿಗೂ ಥ್ಯಾಂಕ್ಸ್.

ಅಕ್ಟೋಬರ್ ಕೊನೆಗೆ ಅವರು ಬರುತ್ತಿದ್ದಾರೆ. ಮಗಳು ಕಾಲೇಜಿಗೆ ಹೋಗಿರುತ್ತಾಳೆ, ಅವಳ ರೂಮ್ ಖಾಲಿ ಇರುತ್ತದೆ. ಅಲ್ಲಿ ಇಬ್ಬರಿಗೆ ಹಾಸಿಗೆ ಹಾಕುತ್ತೇನೆ. ಪೋರ್ಟ್ಸ್‌ಮತ್, ಫೇರಮ್, ಸೌತಾಂಪ್ಟನ್ ಕಡೆ ಯಾರ ಮನೆಯಲ್ಲಾದರೂ ಜಾಗ ಇದ್ದರೆ ಈಗಲೇ ಹೇಳಿ. ತಪಾಸಣೆಯ ಕಾಗದ ಬರುವುದಕ್ಕೆ ಸಮಯ ಹಿಡಿಯುತ್ತದೆ, ಫಾರಂ ತುಂಬಲು ನಾನೇ ಬಂದು ಜೊತೆಗೆ ಕೂರುತ್ತೇನೆ.