ಗಾಜಿನ ಮಾಡಿನ ತೊಟ್ಟಿ

ನಮ್ಮ ಕನ್ನಡ ಬಳಗದ ಪತ್ರದ ಈ ಸಂಚಿಕೆ ಇವತ್ತು ರಾತ್ರಿಯೇ ಎಲ್ಲರಿಗೂ ಹೋಗಬೇಕು. ಗಂಟೆ ಹನ್ನೊಂದು ದಾಟಿದೆ. ಯುಗಾದಿ ಕಾರ್ಯಕ್ರಮದ ಪಟ್ಟಿ ಇನ್ನೂ ಪೂರ್ತಿ ಕೈಗೆ ಬಂದಿಲ್ಲ, ಅದಕ್ಕೆ ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ. ಏನು ಬರೆಯಲಿ ಅಂತ ಈ ಸಲ ಯೋಚಿಸಬೇಕಾಗಲಿಲ್ಲ. ಹೋದ ಭಾನುವಾರ ಕನ್ನಡ ತರಗತಿಯಲ್ಲಿ ಒಂದು ಮಗು ಆಡಿದ ಮಾತು ವಾರವೆಲ್ಲ ತಲೆಯಲ್ಲಿ ಕೂತಿದೆ.

ಏಪ್ರಿಲ್‌ನಲ್ಲಿ ಎಲ್ಲರೂ ಸೇರಿ ಬಾಸ್ಟನ್ನಿನ ಇಸಬೆಲ್ಲಾ ಸ್ಟೂವರ್ಟ್ ಗಾರ್ಡನರ್ ಮ್ಯೂಸಿಯಂಗೆ ಹೋಗೋಣ ಅಂತ ಮಕ್ಕಳಿಗೆ ಹೇಳುತ್ತಿದ್ದೆ. ಮ್ಯೂಸಿಯಂ ಅಂದ ತಕ್ಷಣ ಮುಖ ಸಪ್ಪೆ ಆಯಿತು. ಕಳ್ಳತನದ ಕಥೆ ಶುರು ಮಾಡಿದೆ ನೋಡಿ, ಒಬ್ಬರೂ ಅಲ್ಲಾಡಲಿಲ್ಲ. 1990ರ ಮಾರ್ಚ್ 18, ನಡುರಾತ್ರಿ ಕಳೆದಿತ್ತು. ಪೊಲೀಸ್ ವೇಷದಲ್ಲಿ ಇಬ್ಬರು ಬಂದರು. ಕಾವಲಿಗಿದ್ದ ಇಬ್ಬರನ್ನೂ ಕಟ್ಟಿ ನೆಲಮಾಳಿಗೆಯಲ್ಲಿ ಬಿಟ್ಟರು. 81 ನಿಮಿಷ ಒಳಗಿದ್ದು 13 ಕಲಾಕೃತಿಗಳನ್ನು ಹೊತ್ತುಕೊಂಡು ಹೋದರು. ರೆಂಬ್ರಾಂಟ್ ಬರೆದ ಒಂದೇ ಒಂದು ಕಡಲಿನ ಚಿತ್ರ ಹೋಯಿತು, ವರ್ಮೀರ್‌ನದ್ದೊಂದು ಹೋಯಿತು. ಒಂದು ಕೋಟಿ ಡಾಲರ್ ಬಹುಮಾನ ಇಟ್ಟರೂ ಇವತ್ತಿಗೂ ಒಂದೂ ಸಿಕ್ಕಿಲ್ಲ. ಆದರೆ ಖಾಲಿ ಚೌಕಟ್ಟುಗಳನ್ನು ಅವರು ಗೋಡೆಯಿಂದ ಇಳಿಸಿಲ್ಲ. ಚಿತ್ರ ಇದ್ದ ಜಾಗದಲ್ಲಿ ಈಗ ಗೋಡೆಗೆ ಹೊದಿಸಿದ ಹಸಿರು ಬಟ್ಟೆ ಕಾಣುತ್ತದೆ, ಅಷ್ಟೇ.

"ವಾಪಸ್ ಬಂದ್ರೆ ಜಾಗ ಬೇಕಲ್ವಾ ಆಂಟಿ?" ಅಂತ ಕೇಳಿದಳು, ಏಳು ವರ್ಷದ ಹುಡುಗಿ. ಮ್ಯೂಸಿಯಂನವರು ಹೇಳುವುದೂ ಅದನ್ನೇ. ನಾನು ಹೌದಮ್ಮ ಅಂದು ಪುಟ ತಿರುಗಿಸಿದೆ. ಮುಂದೆ ಪಾಠ ಮಾಡಲು ಸ್ವಲ್ಪ ಹೊತ್ತು ಆಗಲಿಲ್ಲ.

ಹೋದ ವರ್ಷ ಅಮ್ಮ ಬಂದಿದ್ದಾಗ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹೊರಗಿನಿಂದ ನೋಡಿದರೆ ಬೋಳು ಇಟ್ಟಿಗೆ ಗೋಡೆ. ಅಂದವೆಲ್ಲ ಒಳಗೆ. ನಡುವೆ ಅಂಗಳ, ಅದರಲ್ಲಿ ರೋಮನ್ನರ ಕಾಲದ ಮೊಸಾಯಿಕ್ ನೆಲ, ಸುತ್ತ ಗಿಡ, ನಾಲ್ಕೂ ಕಡೆ ಮೇಲೇಳುವ ಗುಲಾಬಿ ಬಣ್ಣದ ಗೋಡೆಗಳು, ವೆನಿಸ್ ಕಡೆಯ ಕಲ್ಲಿನ ಕಿಟಕಿಗಳು, ಎಲ್ಲಕ್ಕಿಂತ ಮೇಲೆ ಗಾಜಿನ ಮಾಡು. ಅಮ್ಮ ಕಂಬದ ಪಕ್ಕ ನಿಂತು ತುಂಬಾ ಹೊತ್ತು ನೋಡಿದರು. ಆಮೇಲೆ ಅಂದರು, "ಇದು ತೊಟ್ಟಿ ಮನೆ ಕಣೇ."

ಅಲ್ವಾ? ನಾನು ಮೂರು ಸಲ ಹೋಗಿದ್ದೆ, ನನಗೆ ಹೊಳೆದಿರಲಿಲ್ಲ.

ನಮ್ಮ ಅಜ್ಜಿ ಮನೆ ಹೊಳೆನರಸೀಪುರದ ಹತ್ತಿರ ಒಂದು ಹಳ್ಳಿಯಲ್ಲಿತ್ತು. ನಡುವೆ ತೊಟ್ಟಿ, ಸುತ್ತ ಕೆಂಪು ಗಾರೆ ನೆಲದ ಪಡಸಾಲೆ. ಮಳೆ ಬಂದರೆ ನಾಲ್ಕೂ ಕಡೆ ಹೆಂಚಿನಿಂದ ನೀರು ಸುರಿಯುತ್ತಿತ್ತು, ಮೂಲೆಯ ತಗಡಿನ ಕೆಳಗೆ ಅಜ್ಜಿ ಹಂಡೆ ಇಡುತ್ತಿದ್ದರು. ಈಶಾನ್ಯದ ಕಂಬಕ್ಕೆ ಆನಿಸಿ ತಾತನ ಆರಾಮ ಕುರ್ಚಿ. ತಾತ ಹೋದ ಮೇಲೂ ಅದು ಅಲ್ಲೇ. ದಿನಾ ಬೆಳಿಗ್ಗೆ ಅಜ್ಜಿ ಅದನ್ನು ಒರೆಸಿ, ಕೈ ಮೇಲೆ ಒಂದು ಮಡಿಸಿದ ಟವೆಲ್ ಹಾಕುತ್ತಿದ್ದರು, ತಾತ ಇದ್ದಾಗ ಹಾಕುತ್ತಿದ್ದ ಹಾಗೆಯೇ. ಮಕ್ಕಳು ಯಾರೂ ಅದರ ಮೇಲೆ ಕೂರುವಂತಿರಲಿಲ್ಲ. ಚಿಕ್ಕ ಮಾವನ ಮದುವೆ ಮನೆಯಲ್ಲೇ ಆಯಿತು. ಅಡಿಗೆಯವರ ಪಾತ್ರೆಗಳಿಗೆ ಜಾಗ ಬೇಕು ಅಂತ ಯಾರೋ ಕುರ್ಚಿಯನ್ನು ಎತ್ತಿ ಹಿತ್ತಿಲಿಗೆ ಇಟ್ಟರು. ಅಜ್ಜಿ ಏನೂ ಅನ್ನಲಿಲ್ಲ, ದಿನವೆಲ್ಲ ನೆಂಟರಿಗೆ ಬಡಿಸಿಕೊಂಡು ಓಡಾಡಿದರು. ರಾತ್ರಿ ನಾವು ಮಕ್ಕಳು ಪಡಸಾಲೆಯಲ್ಲಿ ಸಾಲಾಗಿ ಚಾಪೆ ಹಾಸಿ ಮಲಗಿದ್ದೆವು. ಎಲ್ಲರಿಗೂ ನಿದ್ದೆ ಬಂದಿತ್ತು, ನನಗೆ ಬಂದಿರಲಿಲ್ಲ. ಕುರ್ಚಿಯ ಕಾಲು ಗಾರೆಯ ಮೇಲೆ ಕರ್ ಕರ್ ಅಂತ ಎಳೆಯುವ ಸದ್ದು. ಸ್ವಲ್ಪ ಎಳೆಯುವುದು, ನಿಲ್ಲುವುದು, ಮತ್ತೆ ಎಳೆಯುವುದು. ಎದ್ದು ಸಹಾಯ ಮಾಡಬೇಕು ಅಂತ ನನಗೆ ತಿಳಿಯಲಿಲ್ಲ, ಕಣ್ಣು ಮುಚ್ಚಿಕೊಂಡು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಕುರ್ಚಿ ಕಂಬದ ಹತ್ತಿರ ಇತ್ತು, ನೆಲದಲ್ಲಿ ಅದರ ಕಾಲುಗಳು ಕೂತು ಕೂತು ಸವೆದ ನಾಲ್ಕು ಗುಳಿಗಳ ಮೇಲೆ ಸರಿಯಾಗಿ. ಟವೆಲ್ ಕೂಡ ಇತ್ತು.

ಅಜ್ಜಿ ಹೋದ ಮೇಲೆ ಮನೆ ಪಾಲಾಯಿತು. ತೊಟ್ಟಿಗೆ ಮೋಲ್ಡ್ ಹಾಕಿಸಿ ಹಾಲ್ ಮಾಡಿದರು, ಗಾರೆ ಮೇಲೆ ಟೈಲ್ಸ್ ಬಂತು. ಯಾರನ್ನೂ ದೂರುತ್ತಿಲ್ಲ, ಅಲ್ಲಿ ಇರುವವರಿಗೆ ಅನುಕೂಲ ಬೇಕಲ್ಲ. ಅಜ್ಜಿ ಏನೂ ಬರೆದಿಟ್ಟಿರಲಿಲ್ಲ.

ಆ ಮ್ಯೂಸಿಯಂ ಕಟ್ಟಿಸಿದ ಇಸಬೆಲ್ಲಾ ಬರೆದಿಟ್ಟರು. ಎರಡು ವರ್ಷವೂ ತುಂಬದ ಒಬ್ಬನೇ ಮಗ 1865ರಲ್ಲಿ ತೀರಿಕೊಂಡ, ಗಂಡ 1898ರಲ್ಲಿ ಹೋದರು. ಆಮೇಲೆ ಈ ಗಾಜಿನ ಮಾಡಿನ ಮನೆ ಕಟ್ಟಿಸಿ 1903ರಲ್ಲಿ ಬಾಗಿಲು ತೆರೆದರು, ತಾವು ನಾಲ್ಕನೇ ಮಹಡಿಯಲ್ಲಿ ಇದ್ದರು. 1924ರಲ್ಲಿ ಕಣ್ಣು ಮುಚ್ಚುವಾಗ ಉಯಿಲಿನಲ್ಲಿ ಇದ್ದದ್ದು, ತಾನು ಜೋಡಿಸಿದ್ದನ್ನು ಬದಲಾಯಿಸಬಾರದು ಅಂತ. ಬದಲಾಯಿಸಿದರೆ ಎಲ್ಲವನ್ನೂ ಮಾರಿ ಹಣ ಹಾರ್ವರ್ಡ್‌ಗೆ ಹೋಗಬೇಕು. ಅದಕ್ಕೇ ಅಲ್ಲಿ ಕುರ್ಚಿ ಮೇಜು ಎಲ್ಲ ಅವರು ಇಟ್ಟಲ್ಲೇ ಇವೆ. ಏಸು ಶಿಲುಬೆ ಹೊತ್ತ ಒಂದು ಪುಟ್ಟ ಚಿತ್ರದ ಮುಂದೆ ಆಕೆ ವಯಲೆಟ್ ಹೂ ಇಡುತ್ತಿದ್ದರಂತೆ, ಈಗಲೂ ಅಲ್ಲಿ ಹೂ ಇಡುತ್ತಾರೆ. ಅಮ್ಮ ಅದನ್ನು ನೋಡಿ ಚಪ್ಪಲಿ ಬಿಡಬೇಕಾ ಅಂತ ಮೆಲ್ಲಗೆ ಕೇಳಿದರು.

ಈಗ ಪ್ರವಾಸದ ವಿಷಯ. ಏಪ್ರಿಲ್ ಯಾಕೆ ಅಂದರೆ ಆ ಹೊತ್ತಿಗೆ ಮೂರನೇ ಮಹಡಿಯ ಕಿಟಕಿಗಳಿಂದ ಅಂಗಳದೊಳಕ್ಕೆ ನಾಸ್ಟರ್ಷಿಯಂ ಬಳ್ಳಿ ಇಳಿಬಿಡುತ್ತಾರೆ. ಒಂದೊಂದೂ 20 ಅಡಿ ಉದ್ದ, ತುಂಬಾ ಕಿತ್ತಳೆ ಬಣ್ಣದ ಹೂ. ಈಸ್ಟರ್ ಸಮಯದ ಈ ಪದ್ಧತಿ ಇಸಬೆಲ್ಲಾ ಕಾಲದ್ದು. ಹಿಂದಿನ ಬೇಸಿಗೆಯಲ್ಲೇ ಬೀಜ ಹಾಕಿ, ಗಾಜಿನ ಮನೆಯಲ್ಲಿ ಚಳಿಗಾಲ ಪೂರ್ತಿ ಬೆಳೆಸಿ, ಒಂದಿಷ್ಟು ಜನ ಸೇರಿ ಎತ್ತಿ ತಂದು ತೂಗುಹಾಕಬೇಕು. ಮೂರು ವಾರ ಇದ್ದರೆ ಹೆಚ್ಚು. ಹಾಗಾಗಿ ತಡ ಮಾಡುವ ಹಾಗಿಲ್ಲ. ಅಂಗಳಕ್ಕೆ ಇಳಿಯಲು ಬಿಡುವುದಿಲ್ಲ, ಸುತ್ತಲಿಂದ ನೋಡಬೇಕು. ಪಕ್ಕದಲ್ಲಿ ಇನ್ನೊಂದು ಸಣ್ಣ ತೋಟ ಇದೆ, ಮಕ್ಕಳು ಅಲ್ಲಿನ ಸುತ್ತು ದಾರಿಯಲ್ಲಿ ನಡೆಯಬಹುದು.

ಹದಿನೇಳು ಮತ್ತು ಅದಕ್ಕಿಂತ ಚಿಕ್ಕವರಿಗೆ ಟಿಕೆಟ್ ಇಲ್ಲ. ಆ ದಿನವೇ ಹುಟ್ಟುಹಬ್ಬ ಇರುವವರಿಗೂ ಇಲ್ಲ, ಇದ್ದರೆ ತಿಳಿಸಿ. ಉಳಿದವರು ಸಮಯ ಹಿಡಿದು ಮೊದಲೇ ಟಿಕೆಟ್ ತೆಗೆಯಬೇಕು, ಅದನ್ನು ಒಟ್ಟಿಗೆ ಮಾಡುತ್ತೇವೆ. ಬೇರೆ ದಿನ ಹೋಗುವವರು ಮಂಗಳವಾರ ಬೇಡಿ, ರಜೆ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಚಿತ್ರಗಳ ಪಕ್ಕ ಹೆಸರಿನ ಚೀಟಿ ಇರುವುದಿಲ್ಲ, ಕೋಣೆಗಳಲ್ಲಿ ಬೆಳಕೂ ಕಡಿಮೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣುಮಗಳ ಚಿತ್ರವನ್ನು ಕತ್ತಲೆ ಕೋಣೆಯಲ್ಲಿ ನೋಡಿದವರಿಗೆ ಇದು ಕಷ್ಟ ಅಲ್ಲ, ಸ್ವಲ್ಪ ಹೊತ್ತು ಸುಮ್ನೆ ನಿಂತರೆ ಕಣ್ಣಿಗೆ ಹಿಡಿಯುತ್ತದೆ. ದಯವಿಟ್ಟು ಎಲ್ಲ ಕೋಣೆ ಮುಗಿಸಲು ಓಡಬೇಡಿ. ಊಟ ಎದುರಿನ ಫೆನ್ಸ್ ಪಾರ್ಕಿನಲ್ಲಿ, ಪುಳಿಯೋಗರೆ ಮೊಸರನ್ನ ಸಾಕು.

ಉಳಿದ ಸುದ್ದಿ ಬೇಗ ಹೇಳಿಬಿಡುತ್ತೇನೆ. ಯುಗಾದಿ ಎಂದಿನ ಶಾಲೆಯ ಸಭಾಂಗಣದಲ್ಲಿ, ಬೇವು ಬೆಲ್ಲ ಹತ್ತೂವರೆಗೆ ಸರಿಯಾಗಿ. ಒಬ್ಬಟ್ಟು ಮಾಡಲು ಒಪ್ಪಿದವರು ಎಷ್ಟು ಅಂತ ಗುರುವಾರದೊಳಗೆ ತಿಳಿಸಿ. ಕೋಲಾಟದ ಅಭ್ಯಾಸ ಶನಿವಾರ ಸಂಜೆಗೆ ಹೋಗಿದೆ, ಕೋಲು ಅವರವರೇ ತರಬೇಕು. ಕನ್ನಡ ತರಗತಿಗೆ ಎರಡು ವಾರ ರಜೆ. ಸದಸ್ಯತ್ವದ ಹಣ ಇನ್ನೂ ಹಲವರಿಂದ ಬರಬೇಕು.

ಇನ್ನೊಂದು ಮಾತು. ನಾಲ್ಕು ವರ್ಷದಿಂದ ಈ ಪತ್ರವನ್ನು ಹೆಚ್ಚುಕಡಿಮೆ ಒಬ್ಬಳೇ ತರುತ್ತಿದ್ದೇನೆ. ಬರಹ ಕೇಳುವುದು, ಟೈಪ್ ಮಾಡುವುದು, ತಿದ್ದುವುದು, ಕಳಿಸುವುದು. ಇಷ್ಟಪಟ್ಟೇ ಮಾಡುತ್ತೇನೆ, ಆದರೆ ಈಗ ದಣಿವಾಗಿದೆ. ತಿಂಗಳಿಗೆ ಒಂದು ಸಂಜೆ ಕೊಡುವವರು ಇಬ್ಬರು ಸಿಕ್ಕರೂ ಇದು ಮುಂದುವರಿಯುತ್ತದೆ. ಆ ರಾತ್ರಿ ನಾನು ಮಲಗಿದ್ದ ಹಾಗೆ ನೀವು ಮಲಗಬೇಡಿ. ಪ್ರವಾಸದ ದಿನ ಹಿರಿಯರನ್ನು ಕಾರಿನಲ್ಲಿ ಕರೆತರಲು ಮೂವರು ಬೇಕು, ಅದನ್ನೂ ಇದೇ ಪತ್ರಕ್ಕೆ ಉತ್ತರಿಸಿ ತಿಳಿಸಿ. ಒಳಗೆ ಲಿಫ್ಟ್ ಇದೆ, ಮೊಣಕಾಲು ನೋವಿನವರು ಹಿಂಜರಿಯಬೇಡಿ.

ಟ್ರೈನಿನಲ್ಲಿ ಬರುವವರು ಗ್ರೀನ್ ಲೈನಿನ ಇ ಗಾಡಿ ಹತ್ತಿ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್ ನಿಲ್ದಾಣದಲ್ಲಿ ಇಳಿಯಿರಿ, ಅಲ್ಲೇ ಕಾಯುತ್ತಿರುತ್ತೇವೆ. ಕೊಡೆ ತನ್ನಿ. ಈ ತೊಟ್ಟಿಯೊಳಗೆ ಮಳೆ ಬೀಳುವುದಿಲ್ಲ, ಆದರೆ ನಿಲ್ದಾಣದಿಂದ ಅಲ್ಲಿಗೆ ನಡೆಯುವಷ್ಟರಲ್ಲಿ ನೆನೆಯುತ್ತೀರಿ.