ಭಾರದ ಕಾರು, ಬಿಸಿಯಾದ ಬ್ರೇಕು: ಗೆಳೆಯನಿಗೊಂದು ಪತ್ರ

ಬೆಂಗಳೂರು

ಪ್ರೀತಿಯ ಗೆಳೆಯಾ,

ನಿನ್ನ ಭಾರದ ಕಾರನ್ನು ಆಟೋಕ್ರಾಸ್‌ಗೂ (ಕೋನ್ ಇಟ್ಟ ಹಾದಿಯಲ್ಲಿ ಸಮಯ ಅಳೆದು ಓಡಿಸುವ ಸ್ಪರ್ಧೆ) ರೇಸ್ ಟ್ರ್ಯಾಕ್‌ಗೂ ಒಯ್ಯಬಹುದೇ ಎಂದು ನೀನು ಕೇಳಿದ್ದಕ್ಕೆ ಫೋನಿನಲ್ಲಿ ಉತ್ತರ ಕೊಟ್ಟರೆ ಅರ್ಧ ಮಾತು ಹೊಟ್ಟೆಯಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹಾಗೆಯೇ ದೊಡ್ಡ ಸೆಡಾನ್ ಕೊಂಡು, ಅದರ ಶಕ್ತಿಯನ್ನು ಎಲ್ಲಿ ನೋಡುವುದೆಂದು ತಿಳಿಯದೆ ಕುಳಿತವರು ಈ ಊರಿನಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೂ ಉಪಯೋಗವಾಗಲಿ ಎಂದು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

“ಇಷ್ಟು ಭಾರದ ಕಾರು ಆಟೋಕ್ರಾಸ್‌ಗೂ ಆಗುವುದಿಲ್ಲ, ಟ್ರ್ಯಾಕ್‌ಗೂ ಆಗುವುದಿಲ್ಲ, ಹಳೆಯ ಪೋಲೊದಂಥ ಒಂದು ಸಣ್ಣ ಕಾರು ತೆಗೆದುಕೋ” ಎಂದು ಯಾರೋ ನಿನಗೆ ಹೇಳಿದರಂತೆ. ಬಹುಮಾನ ಗೆಲ್ಲುವುದೇ ಗುರಿಯಾದರೆ ಅವರು ಹೇಳಿದ್ದು ಸರಿ. ಆದರೆ ನಿನಗೆ ಬೇಕಾಗಿರುವುದು ಕಾರು ಓಡಿಸುವುದನ್ನು ಚೆನ್ನಾಗಿ ಕಲಿಯುವುದು. ಅದಕ್ಕೆ ನಿನ್ನ ಕಾರೇ ಸಾಕು. ಹಗುರವಾದ ಕಾರಿನಲ್ಲಿ ದಕ್ಕಿಸಿಕೊಳ್ಳಬಹುದಾದ ಎಷ್ಟೋ ಒರಟುತನವನ್ನು ಭಾರದ ಕಾರು ಸಹಿಸುವುದಿಲ್ಲ, ತಕ್ಷಣ ತಿಳಿಸಿಬಿಡುತ್ತದೆ. ಒಂದೇ ಒಂದು ಷರತ್ತು: ಎಂಜಿನ್ನಿನ ಶಕ್ತಿ ನೋಡಿ ಆ ದಿನ ಎಷ್ಟು ಓಡಿಸುವುದೆಂದು ಲೆಕ್ಕ ಹಾಕಬೇಡ, ಬ್ರೇಕು ಮತ್ತು ಟೈರು ತಡೆದುಕೊಳ್ಳುವ ಬಿಸಿ ನೋಡಿ ಹಾಕು.

ನಿನ್ನ ಬಿಎಂಡಬ್ಲ್ಯು ಎಂ340ಐ ಕಾರನ್ನೇ ತೆಗೆದುಕೊಳ್ಳೋಣ. ಮೂರು ಲೀಟರಿನ ಆರು ಸಿಲಿಂಡರ್ ಟರ್ಬೊ ಎಂಜಿನ್, 500 ನ್ಯೂಟನ್ ಮೀಟರ್ ಟಾರ್ಕ್, ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 4.4 ಸೆಕೆಂಡ್. ಇದೆಲ್ಲ ನಿನಗೆ ಬಾಯಿಪಾಠ. ಷೋರೂಮಿನಲ್ಲಿ ಯಾರೂ ಒತ್ತಿ ಹೇಳದ ಅಂಕಿ ಒಂದಿದೆ, ತೂಕ: 1,700 ಕೆ.ಜಿ. ಆಸುಪಾಸು. ನೀನೂ ಪೆಟ್ರೋಲೂ ಸೇರಿದರೆ 1,800 ಎಂದಿಟ್ಟುಕೋ. ನೇರ ಹಾದಿಯ ಕೊನೆಯಲ್ಲಿ ಗಂಟೆಗೆ 180 ಕಿ.ಮೀ. ವೇಗದಲ್ಲಿದ್ದು, ತಿರುವಿಗಾಗಿ 72ಕ್ಕೆ ಇಳಿಸಿದೆ ಎನ್ನು. ಅಷ್ಟರಲ್ಲಿ ಸುಮಾರು 19 ಲಕ್ಷ ಜೂಲ್ ಶಕ್ತಿ ನಿನ್ನ ಬ್ರೇಕಿನಲ್ಲಿ ಶಾಖವಾಗಿ ಇಳಿಯುತ್ತದೆ. ಐದೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಅದು, ಕೆಲವೇ ಸೆಕೆಂಡುಗಳಲ್ಲಿ, ಒಂದೇ ತಿರುವಿನಲ್ಲಿ. ಚಾಲಕನೂ ಸೇರಿ 1,200 ಕೆ.ಜಿ. ತೂಗುವ ಪೋಲೊ ಅದೇ ಜಾಗಕ್ಕೆ 150ರಲ್ಲಿ ಬಂದು 72ಕ್ಕೆ ಇಳಿದರೆ ಹುಟ್ಟುವ ಶಾಖ ಎಂಟು ಲಕ್ಷ ಜೂಲ್, ಅಂದರೆ ನಿನ್ನದರ ಅರ್ಧಕ್ಕಿಂತಲೂ ಕಡಿಮೆ. ತೂಕ ಒಂದೂವರೆ ಪಟ್ಟು, ಅದರ ಮೇಲೆ ವೇಗವೂ ಹೆಚ್ಚು. ವೇಗ ವರ್ಗವಾಗಿ ಲೆಕ್ಕಕ್ಕೆ ಬರುವುದರಿಂದ ವ್ಯತ್ಯಾಸ ಇಷ್ಟು ದೊಡ್ಡದಾಗುತ್ತದೆ. ಪೋಲೊದವನು ಇಪ್ಪತ್ತು ನಿಮಿಷ ಬಿಡದೆ ಸುತ್ತಬಹುದು. ನೀನು ಹಾಗೆ ಸುತ್ತಬಾರದು.

ಬ್ರೇಕು ಸೋಲುವುದು ಎರಡು ಬಗೆಯಲ್ಲಿ. ಎರಡನ್ನೂ ಕಾಲಿನಲ್ಲೇ ಗುರುತಿಸಬಹುದು, ಕಲಿತುಕೋ. ಮೊದಲನೆಯದರಲ್ಲಿ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಕಾರು ಮಾತ್ರ ಮೊದಲಿನಂತೆ ನಿಲ್ಲುವುದಿಲ್ಲ. ಅದು ಬ್ರೇಕಿನ ಡಿಸ್ಕನ್ನು ಅದುಮಿ ಹಿಡಿಯುವ ಪ್ಯಾಡು ತನ್ನ ಮಿತಿ ಮೀರಿ ಕಾದದ್ದು. ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ವೇಗ ಇಳಿಸಿ, ಗಾಳಿ ಆಡುವಂತೆ ಎರಡು ಸುತ್ತು ನಿಧಾನವಾಗಿ ಓಡಿಸಿದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಎರಡನೆಯದರಲ್ಲಿ ಪೆಡಲ್ ಮೆತ್ತಗಾಗುತ್ತದೆ, ಪ್ರತಿ ತಿರುವಿಗೂ ಸ್ವಲ್ಪ ಹೆಚ್ಚು ಕೆಳಗೆ ಇಳಿಯುತ್ತದೆ. ಬ್ರೇಕ್ ಆಯಿಲ್ ಒಳಗೇ ಕುದಿದು ಆವಿಯ ಗುಳ್ಳೆ ಕಟ್ಟಿದೆ ಎಂದರ್ಥ. ದ್ರವವನ್ನು ಅದುಮಲಾಗದು, ಗುಳ್ಳೆಯನ್ನು ಅದುಮಬಹುದು. ನಿನ್ನ ಕಾಲಿನ ಬಲವೆಲ್ಲ ಗುಳ್ಳೆ ಅದುಮುವುದರಲ್ಲೇ ಮುಗಿಯುತ್ತದೆ. ಇದು ಗೊತ್ತಾದ ಕ್ಷಣವೇ ಒಳಗೆ ಬಂದುಬಿಡು. ಇನ್ನೊಂದು ಸುತ್ತು ನೋಡೋಣ ಎನ್ನಬೇಡ.

ಎರಡನೆಯ ಅಪಾಯಕ್ಕೆ ಪರಿಹಾರ ಬಹಳ ಸುಲಭ, ಆದರೂ ಜನ ಇದನ್ನೇ ಮರೆಯುತ್ತಾರೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಕುಡಿದ ಮೇಲೆ ಅದೇ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಎರಡು ಮಳೆಗಾಲ ಕಂಡ ಆಯಿಲ್ ಹಾಕಿಕೊಂಡು ಟ್ರ್ಯಾಕ್‌ಗೆ ಇಳಿಯುವುದೆಂದರೆ ಆ 75 ಡಿಗ್ರಿಯನ್ನು ಮನೆಯಲ್ಲೇ ಬಿಟ್ಟು ಹೋದಂತೆ. ಹೋಗುವ ವಾರ ಹೊಸದು ಹಾಕಿಸು, ನಾಲ್ಕೂ ಚಕ್ರದಿಂದ ಹಳೆಯದನ್ನು ಪೂರ್ತಿ ಹೊರಗೆ ತೆಗೆಸು, ಎದುರಿಗೆ ನಿಂತು ನೋಡು. ಪ್ಯಾಡಿನ ವಿಷಯದಲ್ಲಿ ಅವಸರ ಬೇಡ. ಪೂರ್ತಿ ರೇಸಿನ ಪ್ಯಾಡು ಬಿಸಿಯಾಗುವವರೆಗೆ ಸರಿಯಾಗಿ ಹಿಡಿಯುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವ ಕಾರಿಗೆ ಅದು ತಕ್ಕದ್ದಲ್ಲ, ಕಿರುಚಾಟ ಬೇರೆ. ಮೊದಲಿಗೆ ಕಾರಿನ ಜೊತೆ ಬಂದ ಪ್ಯಾಡಿನಲ್ಲೇ ಹೋಗು, ಅದು ಅರ್ಧಕ್ಕಿಂತ ಹೆಚ್ಚು ದಪ್ಪ ಉಳಿದಿರಬೇಕು, ಅಷ್ಟೇ.

ಈಗ ಆಟೋಕ್ರಾಸ್. ಟ್ರ್ಯಾಕ್‌ಗಿಂತ ಮೊದಲು ನೀನು ಹೋಗಬೇಕಾದದ್ದು ಇಲ್ಲಿಗೇ. ಕೋನ್ ಇಟ್ಟು ಮಾಡಿದ ಹಾದಿ, ವೇಗ ಕಡಿಮೆ, ತಪ್ಪಿದರೆ ಕೋನ್ ಬೀಳುತ್ತದೆ, ಸಮಯಕ್ಕೆ ದಂಡದ ಸೆಕೆಂಡು ಸೇರುತ್ತದೆ. ಗೋಡೆಯಿಲ್ಲ, ಹಿಂದೆ ಮುಂದೆ ಕಾರಿಲ್ಲ. ಬೆಂಗಳೂರಿನ ಸುತ್ತ ಆಟೋಕ್ರಾಸ್ ಬಹುಪಾಲು ಮಣ್ಣಿನ ಮೈದಾನದಲ್ಲೇ ನಡೆಯುತ್ತದೆ. ನಮ್ಮದು ಕೆ-1000 (ಕರ್ನಾಟಕ 1000) ಕಾರು ರ‍್ಯಾಲಿಯ ಊರು, ಇಲ್ಲಿನವರಿಗೆ ಧೂಳೆಂದರೆ ಪ್ರೀತಿ. ಆದರೆ ತೆಳ್ಳನೆಯ ಅಂಚಿನ ಟೈರು, ನೆಲಕ್ಕೆ ಹತ್ತಿರವಿರುವ ನಿನ್ನ ಕಾರಿಗೆ ಕಲ್ಲುಮಣ್ಣು ಬೇಡ. ಡಾಂಬರು ಅಥವಾ ಕಾಂಕ್ರೀಟು ಹಾಸಿನ ಮೇಲೆ ನಡೆಯುವುದಕ್ಕೆ ಮಾತ್ರ ಹೆಸರು ಕೊಡು.

ಬೆಳಿಗ್ಗೆ ಸ್ಪರ್ಧೆಗೆ ಮೊದಲು ಹಾದಿಯನ್ನು ನಡೆದು ನೋಡಲು ಬಿಡುತ್ತಾರೆ. ಬಹಳ ಜನ ಹರಟೆ ಹೊಡೆಯುತ್ತಾ ಒಂದು ಸುತ್ತು ಹಾಕಿ ಕಾಫಿಗೆ ಹೋಗುತ್ತಾರೆ. ನೀನು ಹಾಗೆ ಮಾಡಬೇಡ. ಒಂದೊಂದು ತಿರುವಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ನಿನ್ನ ಸೀಟಿನ ಎತ್ತರದಿಂದ ನೋಡು. ನಿಂತಾಗ ಸ್ಪಷ್ಟವಾಗಿ ಬಿಡಿಬಿಡಿಯಾಗಿ ಕಂಡ ಕೋನ್‌ಗಳು ಕುಳಿತಾಗ ಒಂದೇ ಕಿತ್ತಳೆ ಬಣ್ಣದ ಸಾಲಾಗಿ ಕಲೆತುಹೋಗುತ್ತವೆ, ಹಾದಿ ಯಾವ ಕಡೆಗೆ ತೆರೆಯುತ್ತದೆ ಎಂಬುದೇ ತಿಳಿಯುವುದಿಲ್ಲ. ಕಾರಿನೊಳಗಿಂದ ನಿನಗೆ ಕಾಣುವುದು ಅದೇ. ಯಾವ ಕೋನ್ ಹತ್ತಿರ ಬ್ರೇಕು, ಯಾವುದರ ಪಕ್ಕ ಹಾಯುವುದು ಎಂದು ಅಲ್ಲೇ ಮನಸ್ಸಿನಲ್ಲಿ ಗುರುತು ಮಾಡಿಕೋ. ಇನ್ನೊಂದು ಮಾತು: ನಿನ್ನ ಕಾರು 4.7 ಮೀಟರ್ ಉದ್ದ, ಪೋಲೊ ನಾಲ್ಕು ಮೀಟರೂ ಇಲ್ಲ. ತಿರುಗುವಾಗ ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗಡೆ ಹಾಯುತ್ತದೆ. ಉದ್ದ ಕಾರಿನವರು ಕೋನ್ ಬೀಳಿಸುವುದು ಮೂಗಿನಿಂದಲ್ಲ, ಹಿಂದಿನ ಬಾಗಿಲಿನ ಕೆಳಭಾಗದಿಂದ.

ಎಡಬಲ ಹೊರಳುವ ಕೋನ್ ಸಾಲಿನಲ್ಲಿ ನಿನಗೆ ತೂಕದ ನಿಜವಾದ ಪರಿಚಯವಾಗುತ್ತದೆ. ಕಾರಿನ ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ ಎಂದು ಹಿಡಿದರೆ, ಬಿಗಿಯಾದ ತಿರುವಿನಲ್ಲಿ ಸುಮಾರು 500 ಕೆ.ಜಿ. ಭಾರ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಜರುಗುತ್ತದೆ. ಮರುಕ್ಷಣ ಇನ್ನೊಂದು ಕಡೆ ತಿರುಗಿಸಿದರೆ ಅಷ್ಟೂ ಭಾರ ಈಚೆ ಬರಬೇಕು. ಅದಕ್ಕೆ ಸಮಯ ಬೇಕು. ಆ ಸಮಯ ಕೊಡದೆ ಸ್ಟಿಯರಿಂಗ್ ಎಳೆದರೆ ಚಕ್ರ ತಿರುಗಿರುತ್ತದೆ, ಮೂಗು ಮಾತ್ರ ನೇರ ಹೋಗುತ್ತಿರುತ್ತದೆ. ಆಗ ಎಲ್ಲರೂ ಸ್ಟಿಯರಿಂಗನ್ನು ಇನ್ನಷ್ಟು ತಿರುಗಿಸುತ್ತಾರೆ. ಬೇಕಾದದ್ದು ಅದರ ಉಲ್ಟಾ: ಕೈ ಸ್ವಲ್ಪ ಸಡಿಲಿಸಿ, ಆಕ್ಸಿಲರೇಟರ್ ಸ್ವಲ್ಪ ಬಿಟ್ಟು, ಮುಂದಿನ ಟೈರಿಗೆ ನೆಲ ಹಿಡಿಯಲು ಅವಕಾಶ ಕೊಡುವುದು. ಟೈರಿನ ಮೇಲೆ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಭಾರದ ಕಾರಿನ ಕಷ್ಟವೆಲ್ಲ ಈ ಒಂದು ಮಾತಿನಲ್ಲಿದೆ. 50ರ ವೇಗದಲ್ಲಿ ಇದು ಕೈಗೆ ಹತ್ತಿದ ಮೇಲೆ 150ರಲ್ಲಿ ಕೈ ತಾನಾಗಿಯೇ ಸಾವಧಾನವಾಗುತ್ತದೆ. ಆಟೋಕ್ರಾಸ್ ಮೊದಲು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಟೈರಿನ ಗಾಳಿಯನ್ನು ಅಂದಾಜಿನಲ್ಲಿ ಬಿಡಬೇಡ, ಸ್ವಂತ ಗೇಜ್ ಇಟ್ಟುಕೋ. ಟೈರು ಕಾದಂತೆ ಒತ್ತಡ ಏರುತ್ತದೆ, ಐದಾರು ಡಿಗ್ರಿಗೆ ಸುಮಾರು 1 ಪಿಎಸ್‌ಐ. ನಾನು ಮಾಡುವುದು ಹೀಗೆ: ಬಿಳಿ ಚಾಕ್‌ಪೀಸಿನಿಂದ, ಟೈರಿನ ನೆಲ ತಾಗುವ ಮೈಯಿಂದ ಪಕ್ಕದ ಗೋಡೆಯವರೆಗೆ ಅಡ್ಡಲಾಗಿ ಮೂರು ಕಡೆ ಗೆರೆ ಎಳೆಯುತ್ತೇನೆ. ಓಡಿಸಿ ಬಂದು ನೋಡಿದರೆ ಗೆರೆ ಎಲ್ಲಿಯವರೆಗೆ ಅಳಿಸಿದೆಯೋ ಟೈರು ಅಲ್ಲಿಯವರೆಗೆ ನೆಲಕ್ಕೆ ಮಗುಚಿದೆ ಎಂದು ಗೊತ್ತಾಗುತ್ತದೆ. ಪಕ್ಕದ ಗೋಡೆಯ ಮೇಲೂ ಅಳಿಸಿದ್ದರೆ ಗಾಳಿ ಕಡಿಮೆ. ಮೈಯ ಅಂಚಿಗೂ ಬಾರದೆ ನಿಂತಿದ್ದರೆ ಹೆಚ್ಚು. ನಿನ್ನ ಕಾರಿನ ಮುಂದಿನ ಟೈರಿನ ಹೊರ ಅಂಚು ಉಳಿದೆಲ್ಲಕ್ಕಿಂತ ಬೇಗ ಸವೆಯುತ್ತದೆ, ಆ ಖರ್ಚಿಗೆ ಮೊದಲೇ ಸಿದ್ಧನಾಗಿರು.

ಟ್ರ್ಯಾಕ್‌ಗೆ ನಾವು ಬೆಂಗಳೂರಿನವರು ತಮಿಳುನಾಡಿಗೇ ಹೋಗಬೇಕು. ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳ್ಯದ ಕರಿ ಮೋಟರ್ ಸ್ಪೀಡ್‌ವೇ ಇದೆ, 2.1 ಕಿ.ಮೀ. ಸುತ್ತು. ಫಾರ್ಮುಲಾ ಮಾರುತಿ ಎಂಬ ರೇಸ್ ಕಾರನ್ನು ರೂಪಿಸಿದ ಎಸ್. ಕರಿವರ್ಧನ್ ಹೆಸರಿನದು, ನನಗೆ ಅಲ್ಲಿಗೆ ಹೋಗುವುದೆಂದರೆ ಗೌರವದ ವಿಷಯ. ಆದರೆ ಸುತ್ತು ಚಿಕ್ಕದು, ಭಾರದ ಕಾರಿನ ಬ್ರೇಕಿಗೆ ಉಸಿರಾಡಲು ಬಿಡುವು ಕಡಿಮೆ. ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್ 3.7 ಕಿ.ಮೀ., 12 ತಿರುವು, 1990ರಲ್ಲಿ ಶುರುವಾದದ್ದು. ನಿನಗೆ ಮೊದಲಿಗೆ ಅದೇ ಸರಿ. ಚೆನ್ನೈನ ಬಿಸಿಲು ನೆನಪಿರಲಿ. ಡಿಸೆಂಬರ್, ಜನವರಿ ಬಿಟ್ಟು ಬೇಸಿಗೆಯಲ್ಲಿ ಹೋಗುವ ಯೋಚನೆಯೇ ಬೇಡ.

ಅಲ್ಲಿ ಒಂದು ಸುತ್ತು ಮೆಲ್ಲಗೆ, ಮೂರು ಸುತ್ತು ಜೋರು, ಮತ್ತೊಂದು ಸುತ್ತು ಬ್ರೇಕನ್ನು ಆದಷ್ಟು ಮುಟ್ಟದೆ. ಭಾರದ ಕಾರಿಗೆ ಇದು ನನ್ನ ಕ್ರಮ. ಹೊರಬಂದ ಮೇಲೆ ಪಾರ್ಕಿಂಗ್ ಬ್ರೇಕ್ ಹಾಕಬೇಡ. ಕೆಂಪಗೆ ಕಾದ ಡಿಸ್ಕಿಗೆ ಪ್ಯಾಡು ಒತ್ತಿ ನಿಂತರೆ ಅದರ ಅಚ್ಚು ಕೂರುತ್ತದೆ, ಆಮೇಲೆ ಬ್ರೇಕು ಹಿಡಿದಾಗಲೆಲ್ಲ ಕಾರು ನಡುಗುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡು. ಚಕ್ರದ ಬೋಲ್ಟ್‌ಗಳ ಬಿಗಿ ನೋಡು. ಡಿಕ್ಕಿ ಖಾಲಿ ಮಾಡು, ನೆಲಹಾಸು, ನೀರಿನ ಬಾಟಲಿ, ಅಮ್ಮ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟ ಗಣಪತಿ, ಎಲ್ಲವನ್ನೂ ಭಕ್ತಿಯಿಂದಲೇ ತೆಗೆದು ಚೀಲದಲ್ಲಿಡು. ಕಾರು ಜಾರದಂತೆ ತಾನಾಗಿ ತಡೆಯುವ ಸ್ಟೆಬಿಲಿಟಿ ಕಂಟ್ರೋಲನ್ನು ಪೂರ್ತಿ ಆರಿಸಬೇಡ. ಅದು ಯಾವ ತಿರುವಿನಲ್ಲಿ ಮಧ್ಯೆ ಬರುತ್ತಿದೆ ಎಂದು ಗಮನಿಸಿದರೆ, ನಿನ್ನ ಕೈಕಾಲು ಎಲ್ಲಿ ಒರಟಾಗಿದೆ ಎಂದು ತಿಳಿಯುತ್ತದೆ.

ವಿಮೆಯ ಬಗ್ಗೆ ಕೇಳಿದ್ದೆ. ಪಾಲಿಸಿ ತೆಗೆದು ಓದು: ರೇಸು, ವೇಗ ಪರೀಕ್ಷೆಗಳಿಗೆ ಕಾರು ಬಳಸಿದರೆ ರಕ್ಷಣೆ ಇಲ್ಲ ಎಂದು ಬರೆದಿರುತ್ತದೆ. ಅಲ್ಲಿ ಏನಾದರೂ ನಮ್ಮದೇ ಜೇಬು. ಅದೇ ಕಾರಿನಲ್ಲಿ ಸುಮಾರು 300 ಕಿ.ಮೀ. ವಾಪಸು ಬರಬೇಕು, ಸೋಮವಾರ ಕಚೇರಿಗೂ ಹೋಗಬೇಕು. ಆದ್ದರಿಂದ ಮಧ್ಯಾಹ್ನದ ಕೊನೆಯ ಸರದಿಯನ್ನು ಬಿಟ್ಟುಕೊಡು. ಸುಸ್ತಾದ ಚಾಲಕ, ತೆಳುವಾದ ಪ್ಯಾಡು, ಎರಡೂ ಒಟ್ಟಿಗೆ ಬರುವುದು ಆ ಹೊತ್ತಿನಲ್ಲೇ.

ಇನ್ನೊಂದು ಮಾತನ್ನು ಗೆಳೆಯನಾಗಿ ಹೇಳಲೇಬೇಕು. ರಾತ್ರಿ ಹನ್ನೆರಡರ ಮೇಲೆ ವಿಮಾನ ನಿಲ್ದಾಣದ ರಸ್ತೆಯಲ್ಲಿ, ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟದ ದಾರಿಯಲ್ಲಿ ಇಂಥ ಕಾರುಗಳು ಹೇಗೆ ಓಡುತ್ತವೆಂದು ನೀನೂ ನೋಡಿದ್ದೀಯ. ಆ ದಾರಿಯಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡ ಮೊಪೆಡ್ ಬರುತ್ತದೆ, ದ್ರಾಕ್ಷಿ ತುಂಬಿದ ಟೆಂಪೊ ಬರುತ್ತದೆ, ಸೈಕಲ್ ತುಳಿಯುವ ಹುಡುಗರು ಬರುತ್ತಾರೆ. 1,800 ಕೆ.ಜಿ.ಯನ್ನು ಅವರ ನಡುವೆ ಪರೀಕ್ಷೆ ಮಾಡುವ ಹಕ್ಕು ಯಾರಿಗೂ ಇಲ್ಲ. ನೀನು ಟ್ರ್ಯಾಕ್ ಕೇಳಿದೆಯಲ್ಲ, ನನಗೆ ಅದೇ ದೊಡ್ಡ ಸಂತೋಷ. ಈ ಉದ್ದದ ಪತ್ರಕ್ಕೆ ಕಾರಣವೂ ಅದೇ.

ಈ ವಾರ ಬ್ರೇಕ್ ಆಯಿಲ್ ಬದಲಿಸಿ, ಪ್ಯಾಡಿನ ದಪ್ಪ ಅಳೆದು ನನಗೆ ಫೋಟೊ ಕಳುಹಿಸು. ಹೆಲ್ಮೆಟ್ಟನ್ನು ಆನ್‌ಲೈನಿನಲ್ಲಿ ತರಿಸಬೇಡ, ಅಂಗಡಿಯಲ್ಲಿ ಹಾಕಿ ನೋಡಿ ಕೊಳ್ಳು. ತಲೆ ಆಡಿಸಿದರೆ ಅದು ಬೇರೆಯಾಗಿ ಆಡಬಾರದು. ಡಾಂಬರಿನ ಮೇಲೆ ಆಟೋಕ್ರಾಸ್ ಇರುವ ದಿನ ಗೊತ್ತಾದ ಕೂಡಲೇ ಇಬ್ಬರ ಹೆಸರನ್ನೂ ಕೊಡುತ್ತೇನೆ. ನಿನ್ನ ಮೊದಲ ಓಟಕ್ಕೆ ಪಕ್ಕದ ಸೀಟಿನಲ್ಲಿ ಕೂರಲು ಬಿಟ್ಟರೆ ನಾನೇ ಕೂರುತ್ತೇನೆ.

ಇಂತಿ,
ನಿನ್ನ ಗೆಳೆಯ