ನಾನು ಅಜ್ಜಿಯ ಕಡೆ

ಪುಟ್ಟೀ,

ಐಸ್ ಮೇಲೆ ಬಿದ್ದು ನಿನ್ನ ಕೈ ಮುರಿದ ವಿಷಯ ನಿನ್ನ ಬಾಯಿಂದ ಬರಲಿಲ್ಲ. ನ್ಯೂಜೆರ್ಸಿಯಲ್ಲಿರುವ ದೊಡ್ಡಮ್ಮನ ಸೊಸೆ "ಪ್ಲಾಸ್ಟರ್ ಬಿಚ್ಚಿದ್ರಂತಾ, ಚಿಕ್ಕತ್ತೆ?" ಅಂತ ಕೇಳಿದಳು. ಯಾರ ಪ್ಲಾಸ್ಟರ್ ಅಂತ ನಾನು ಕೇಳಬೇಕಾಯಿತು.

ಆಮೇಲೆ ಫೋನಿನಲ್ಲಿ ಏನೇನಾಯಿತು ಅನ್ನುವುದು ಇಬ್ಬರಿಗೂ ಗೊತ್ತು. ಮತ್ತೆ ಬರೆಯುವುದಿಲ್ಲ. "ಯಾವುದೋ ಊರಿನ ಮುದುಕಿಯರ ಕಥೆ ಓದೋಕೆ ಅಷ್ಟು ದೂರ ಹೋಗಿ ಬೀಳಬೇಕಿತ್ತಾ" ಅಂದೆನಲ್ಲ, ಅದೊಂದು ಜಾಸ್ತಿಯಾಯಿತು. ಅದಕ್ಕೆ ಬೇಜಾರಿದೆ. ಉಳಿದದ್ದಕ್ಕಿಲ್ಲ.

ಅದೇ ಸಿಟ್ಟಿನಲ್ಲಿ ನಿನ್ನ ಕಪಾಟಿನಿಂದ ಸಾರಾ ಓರ್ನ್ ಜ್ಯೂವೆಟ್ ಪುಸ್ತಕ ತೆಗೆದೆ. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ ನನಗೆ ಅಮೆರಿಕದ ಲೇಖಕರು ಅಂದರೆ ಮಾರ್ಕ್ ಟ್ವೇನ್, ಅಷ್ಟೇ. ಈಕೆಯ ಹೆಸರು ನಿನ್ನ ಬಾಯಲ್ಲೇ ಮೊದಲು ಕೇಳಿದ್ದು. 1886ರ ಆ ಬಿಳಿ ಬಕದ ಕಥೆಯ ಪುಟಗಳ ತುಂಬಾ ನೀನು ಪೆನ್ಸಿಲ್‌ನಲ್ಲಿ ಗೀಚಿದ್ದೀಯ. ಗೀಚಿದ್ದೆಲ್ಲ ಆ ಹುಡುಗಿಯ ಬಗ್ಗೆ. ಒಂಬತ್ತು ವರ್ಷದ ಸಿಲ್ವಿಯಾ. ಗದ್ದಲದ ಮಿಲ್ ಊರಿಂದ ಬಂದು ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದ ಕಾಡಿನಂಚಲ್ಲಿ ಅಜ್ಜಿಯ ಜೊತೆ ಇರುವವಳು. ಹಕ್ಕಿಗಳನ್ನು ಕೊಂದು ಹುಲ್ಲು ತುಂಬಿಸಿ ಇಡುವ ಯುವಕ ಬರುತ್ತಾನೆ. ಬಕದ ಗೂಡು ತೋರಿಸಿದರೆ ಹತ್ತು ಡಾಲರ್ ಅನ್ನುತ್ತಾನೆ. ಇವಳು ಬೆಳಕು ಹರಿಯುವ ಮೊದಲೇ ಎದ್ದು, ಯಾರಿಗೂ ಹೇಳದೆ, ಕಾಡಿನಲ್ಲೇ ಅತಿ ಎತ್ತರದ ಪೈನ್ ಮರ ಹತ್ತುತ್ತಾಳೆ. ಮೊದಲ ಸಲ ಸಮುದ್ರ ನೋಡುತ್ತಾಳೆ. ಬಕವನ್ನೂ ನೋಡುತ್ತಾಳೆ. ಕೆಳಗಿಳಿದು ಬಂದು ಬಾಯಿ ಬಿಡುವುದಿಲ್ಲ.

ಅವಳ ಮೌನವನ್ನು ನೀನು ಮೆಚ್ಚಿದ್ದೀಯ. ಮೆಚ್ಚಬೇಕಾದ್ದೇ, ಹಕ್ಕಿ ಉಳಿಯಿತಲ್ಲ. ಆದರೆ ನಾನು ಓದಿದ್ದು ಅಜ್ಜಿಯನ್ನು. ಮಿಸೆಸ್ ಟಿಲ್ಲಿಯ ಹತ್ತಿರ ನೀನು ಒಂದೇ ಒಂದು ಗೆರೆಯೂ ಎಳೆದಿಲ್ಲ. ಅವಳು ನಾಲ್ಕು ಮಕ್ಕಳನ್ನು ಮಣ್ಣು ಮಾಡಿದವಳು. ಉಳಿದವರು ಇಬ್ಬರು, ಸಿಲ್ವಿಯಾಳ ಅಮ್ಮ ಮತ್ತು ಕ್ಯಾಲಿಫೋರ್ನಿಯಾಕ್ಕೆ ಹೋದ ಮಗ ಡ್ಯಾನ್. ಅವನು ಇದ್ದಾನೋ ಸತ್ತನೋ ಗೊತ್ತಿಲ್ಲ. ಬಂದ ಅತಿಥಿಯ ಮುಂದೆ ಅಜ್ಜಿ ಹೇಳುತ್ತಾಳೆ, ಅವನಿಗೆ ಕಾಗದ ಬರೆಯುವ ಅಭ್ಯಾಸವಿಲ್ಲ ಅಂತ. ಅವನನ್ನು ಬೈಯುವುದಿಲ್ಲ, ನನ್ನ ಕೈಲಿ ಆಗಿದ್ದರೆ ನಾನೂ ಪ್ರಪಂಚ ನೋಡುತ್ತಿದ್ದೆ ಅನ್ನುತ್ತಾಳೆ. ಆಮೇಲೆ, ಸಿಲ್ವಿಯಾ ಅವನ ಹಾಗೇ ಅನ್ನುತ್ತಾಳೆ. ಅಲ್ಲಿ ನಾನು ಪುಸ್ತಕ ಮುಚ್ಚಿಬಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆದೆ.

ಬೆಳಗ್ಗೆ ಎದ್ದರೆ ಹುಡುಗಿ ಇಲ್ಲ. ಆ ಅಜ್ಜಿಗೆ ಏನಾಗಿರಬೇಡ? ಲೇಖಕಿ ಅದನ್ನು ಹೇಳುವುದಿಲ್ಲ, ಅವಳೂ ಮರದ ಮೇಲೇ ಇದ್ದಾಳೆ. ಸಿಲ್ವಿಯಾ ಬಿಳಿಚಿಕೊಂಡು, ಫ್ರಾಕ್ ಹರಿದುಕೊಂಡು, ಮೈಗೆಲ್ಲ ಮರದ ಅಂಟು ಮೆತ್ತಿಕೊಂಡು ಬರುತ್ತಾಳೆ. ಅಜ್ಜಿ ಬಾಗಿಲಲ್ಲಿ ನಿಂತು ಗದರುತ್ತಾಳೆ. ಗದರದೆ ಇನ್ನೇನು ಮಾಡಬೇಕಿತ್ತು? ಕೊಂಬೆ ಮುರಿದಿದ್ದರೆ? ಆ ಹುಡುಗಿ ಕಾಡಿನಲ್ಲಿ ಬಿದ್ದಿದ್ದರೆ ಯಾರು ನೋಡುತ್ತಿದ್ದರು? ಹತ್ತು ಡಾಲರ್ ಆಸೆಗೆ ಬೈದಳು ಅಂತ ನೀವು ಓದಿದವರು ಬರೆಯಬಹುದು. ನನಗಂತೂ ಹಾಗೆ ಕಾಣಲಿಲ್ಲ. ಐಸ್ ಮೇಲೆ ಬಿದ್ದ ನಿನ್ನನ್ನು ಎಬ್ಬಿಸಿದ್ದು ಯಾರು? ಇದನ್ನೂ ನೀನು ಹೇಳಿಲ್ಲ.

ಜ್ಯೂವೆಟ್‌ಳಂಥ ಬರಹಗಾರರಿಗೆ 'ಪ್ರಾದೇಶಿಕ', ಅಂದರೆ ಒಂದು ಸೀಮೆಗೆ ಮಾತ್ರ ಸೇರಿದವರು, ಅಂತ ಹೆಸರಿಟ್ಟದ್ದರ ಮೇಲೆ ನಿನಗಿರುವ ಸಿಟ್ಟು ಈಗ ಅರ್ಥವಾಯಿತು. ಟ್ವೇನ್ ಬರೆದದ್ದೂ ಒಂದು ನದಿಯ ದಂಡೆಯ ಮಾತೇ. 1885ರ ಹಕಲ್‌ಬೆರಿ ಫಿನ್ ಪುಸ್ತಕದ ಮೊದಲಲ್ಲೇ, ಇದರಲ್ಲಿ ಹಲವು ಆಡುಮಾತುಗಳಿವೆ ಅಂತ ಅವನು ಟಿಪ್ಪಣಿ ಹಾಕಿದ್ದಾನೆ. ಅದು ಇಡೀ ಅಮೆರಿಕದ ಪುಸ್ತಕ, ಜ್ಯೂವೆಟ್‌ಳದು ಮಾತ್ರ ಮೇನ್‌ನ ಪುಸ್ತಕ! ಅಮೆರಿಕದ ಅಂತರ್ಯುದ್ಧ ಮುಗಿದು, 1869ರಲ್ಲಿ ರೈಲು ಪಶ್ಚಿಮದ ಕರಾವಳಿ ಮುಟ್ಟಿದ ಮೇಲೆ, ಬಾಸ್ಟನ್, ನ್ಯೂಯಾರ್ಕಿನ ಪತ್ರಿಕೆಗಳಿಗೆ ಮೂಲೆ ಮೂಲೆಯ ಕಥೆ ಬೇಕಾಯಿತು. ಅಷ್ಟರಲ್ಲಿ ಮೇನ್‌ನ ಹಡಗು ವ್ಯಾಪಾರ ಇಳಿದಿತ್ತು. ಹುಡುಗರು ಪಶ್ಚಿಮಕ್ಕೋ ಮಿಲ್ಲಿಗೋ ಹೋದರು, ಮನೆಗಳಲ್ಲಿ ಉಳಿದವರು ವಯಸ್ಸಾದವರು. ನಮ್ಮ ಕೇರಿಯಲ್ಲೂ ಈಗ ದೀಪ ಹಚ್ಚುವವರು ಅವರೇ ಅಲ್ವಾ.

ಅದೇ ಕಾಲದ ಇನ್ನೊಬ್ಬ ಲೇಖಕಿ ಮೇರಿ ವಿಲ್ಕಿನ್ಸ್ ಫ್ರೀಮನ್‌ಳ ಕಥೆಯೂ ಓದಿದೆ. ನಲವತ್ತು ವರ್ಷದ ಹಿಂದೆ ಮಾತು ಕೊಟ್ಟ ಮನೆ ಕಟ್ಟದೆ ಗಂಡ ಹೊಸ ಕೊಟ್ಟಿಗೆ ಕಟ್ಟಿಸುತ್ತಾನೆ. ಅವನು ಕುದುರೆ ಕೊಳ್ಳಲು ಹೋದಾಗ ಹೆಂಡತಿ ಸಂಸಾರವನ್ನೇ ಕೊಟ್ಟಿಗೆಗೆ ಸಾಗಿಸಿಬಿಡುತ್ತಾಳೆ! ಅಂಥ ಹೆಂಗಸು ನ್ಯೂ ಇಂಗ್ಲೆಂಡಿನಲ್ಲಿ, ಅಂದರೆ ಮೇನ್ ಇರುವ ಆ ಸೀಮೆಯಲ್ಲಿ, ಇರಲೇ ಇಲ್ಲ ಅಂತ ಲೇಖಕಿಯೇ 1917ರಲ್ಲಿ ಬರೆದಳಂತೆ. ನಾನು ನಂಬಲ್ಲ. ಅವಳು ಸರಿಯಾಗಿ ಹುಡುಕಿರಲಿಕ್ಕಿಲ್ಲ.

ಇನ್ನು ನನ್ನ ಮಾತು. ಜ್ಯೂವೆಟ್‌ಳ ಅಪ್ಪ ಡಾಕ್ಟರು. ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ತಮ್ಮ ಊರು ಸೌತ್ ಬರ್ವಿಕ್ ಸುತ್ತಲಿನ ರೋಗಿಗಳ ಮನೆಗೆ ಹೋಗುತ್ತಿದ್ದರು. ಜನರ ಬಗ್ಗೆ ಬರೆಯಲು ಹೋಗಬೇಡ, ಇದ್ದದ್ದನ್ನು ಇದ್ದ ಹಾಗೇ ಹೇಳು ಅನ್ನುತ್ತಿದ್ದರಂತೆ. ವಾಸ್ತವವಾದ ಅಂತ ನೀನು ದಪ್ಪ ದಪ್ಪ ಪುಸ್ತಕ ಓದುವುದು ಇದನ್ನೇ ಅಲ್ವಾ? ಹಾಗಿದ್ದರೆ ಪ್ರತಿ ಭಾನುವಾರ ಫೋನಿನಲ್ಲಿ "ಆರಾಮಿದ್ದೀನಿ, ಊಟ ಆಯ್ತು" ಅನ್ನುವುದು ಯಾವ ವಾದ? ಬಲಗೈ ಪ್ಲಾಸ್ಟರಿನಲ್ಲಿತ್ತು, ತಲೆ ಹೇಗೆ ಬಾಚಿಕೊಂಡೆ? ಅನ್ನ ಬಸಿದದ್ದು ಹೇಗೆ? ಬಾಟಾ ಶೂ ಹಾಕಿಕೊಂಡೇ ಓಡಾಡುತ್ತೀಯಾ, ಅಥವಾ ಹಿಮಕ್ಕೆ ಅಂತ ಬೂಟು ತಗೊಂಡೆಯಾ? ದುಡ್ಡಿಗೆ ನೋಡಬೇಡ. ಕತ್ತಲಾದ ಮೇಲೆ ಲೈಬ್ರರಿಯಿಂದ ಒಬ್ಬಳೇ ಬರಬೇಡ. ಕ್ಯಾಲ್ಸಿಯಂ ಮಾತ್ರೆ, ಹಾಲು, ಎರಡೂ. ಪಾಠ ಶುರುವಾಯಿತು ಅಂತ ನಗಬೇಡ, ಕಲಿಸಿದ ನಾಲಿಗೆ ಇದು.

ನೀನು ಅಲ್ಲಿಗೆ ಹೋದದ್ದು ನನಗೆ ಹೆಮ್ಮೆಯೇ. ಶಾಲೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ನೀನು ಮರ ಹತ್ತು. ಇಳಿದು ಬಂದ ಮೇಲೆ ಬಕದ ಗುಟ್ಟು ಬೇಡ, ಮೈ ಎಲ್ಲಿ ತರಚಿದೆ ಅನ್ನುವುದಾದರೂ ಹೇಳು.

ಅಪ್ಪನಿಗೆ ಇನ್ನೂ ನಾನೂ ಹೇಳಿಲ್ಲ, ಅವರ ಬಿಪಿ ನಿನಗೆ ಗೊತ್ತೇ ಇದೆ. ಭಾನುವಾರ ವಿಡಿಯೋ ಕಾಲ್ ಮಾಡಿ ನೀನೇ ಹೇಳು, ಕೈ ತೋರಿಸಿಕೊಂಡೇ ಹೇಳು. ಎಕ್ಸ್‌ರೇ ಫೋಟೋ ಮಾತ್ರ ಮೊದಲು ನನಗೆ ಕಳಿಸು.

ಅಮ್ಮ